ನಿಪ್ಪಾಣಿಯಲ್ಲಿ ಕಟ್ಟಿದ ದಂಡ, ಕೆನಡಾ ಗಡಿಯಲ್ಲಿ ಎದ್ದ ಪ್ರಶ್ನೆ

ಜಯಸಿಂಗಪುರ: ಈ ಭಾಗದ ಕನ್ನಡ ಮನೆಗಳಿಗೆ ಗಡಿ ದಾಟುವುದು ದೊಡ್ಡ ಮಾತಲ್ಲ. ಬೆಳಿಗ್ಗೆ ಮಿರಜ ಮೇಲೆ ಹಾಯ್ದು ಕಾಗವಾಡಕ್ಕೆ ಹೋಗಿ ಮದುವೆಗೆ ಅಕ್ಕಿಕಾಳು ಹಾಕುತ್ತಾರೆ, ಉಗಾರದ ಬೀಗರ ಮನೆಯಲ್ಲಿ ಊಟ ಮುಗಿಸುತ್ತಾರೆ, ಸಂಜೆಗೆ ಶಿರೋಳ ತಾಲೂಕಿನ ತಮ್ಮ ಕಬ್ಬಿನ ಹೊಲಕ್ಕೆ ಮರಳುತ್ತಾರೆ. ಎಂಎಚ್-09 ನಂಬರಿನ ಬೈಕು, ಕೆಎ-23 ನಂಬರಿನ ಬೈಕು ಒಂದೇ ಚಹಾದಂಗಡಿಯ ಮುಂದೆ ನಿಲ್ಲುತ್ತವೆ. 2021ರ ಕೊರೊನಾ ಕಾಲದಲ್ಲಿ ಕೊಗನೊಳಿ ಚೆಕ್‌ಪೋಸ್ಟಿನಲ್ಲಿ ಆರ್‌ಟಿಪಿಸಿಆರ್ ವರದಿ ಕೇಳಿದ್ದು ಬಿಟ್ಟರೆ, "ಯಾರು ನೀವು, ಮೊದಲು ಏನಾದರೂ ತಪ್ಪು ಮಾಡಿದ್ದೀರಾ" ಎಂದು ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.

ಆದರೆ ಇದೇ ಮನೆಗಳ ಮಕ್ಕಳು ಈಗ ಬೇರೆ ಗಡಿಗಳ ಮುಂದೆ ನಿಲ್ಲುತ್ತಿದ್ದಾರೆ. ಇಂಜಿನಿಯರಿಂಗ್ ಮುಗಿಸಿದವರು ಕೆನಡಾ, ಅಮೆರಿಕ, ಆಸ್ಟ್ರೇಲಿಯ ಎನ್ನುತ್ತಾರೆ. ಆ ಗಡಿಗಳಲ್ಲಿ ಮೊದಲ ಪ್ರಶ್ನೆಗಳಲ್ಲೇ ಒಂದು ಹೀಗಿರುತ್ತದೆ: ಯಾವುದೇ ದೇಶದಲ್ಲಿ, ಯಾವಾಗಲಾದರೂ, ನಿಮ್ಮನ್ನು ಬಂಧಿಸಿದ್ದುಂಟೆ, ನಿಮ್ಮ ಮೇಲೆ ಆರೋಪ ಬಂದದ್ದುಂಟೆ, ನಿಮಗೆ ಶಿಕ್ಷೆಯಾದದ್ದುಂಟೆ?

ಕುಡಿದು ಗಾಡಿ ಓಡಿಸಿ ಸಿಕ್ಕುಬಿದ್ದು ದಂಡ ಕಟ್ಟಿ ಬಂದವರು ಈ ಪ್ರಶ್ನೆಯ ಮುಂದೆ ಪೆನ್ನು ಹಿಡಿದು ಕೂಡ್ರುತ್ತಾರೆ. "ಹೌದು" ಎಂದು ಬರೆಯಬೇಕೋ, "ಇಲ್ಲ" ಎಂದು ಬರೆಯಬೇಕೋ?

ಹೀಗೊಂದು ಮನೆ

ಹೀಗೊಂದು ಮನೆ ಎಂದುಕೊಳ್ಳಿ. ಯಾರದೆಂದು ಹುಡುಕುವುದು ಬೇಡ. ಶಿರೋಳ ತಾಲೂಕಿನ ಯಾವ ಹಳ್ಳಿಯಲ್ಲಾದರೂ, ಇಚಲಕರಂಜಿಯ ಯಾವ ಗಲ್ಲಿಯಲ್ಲಾದರೂ, ಗಡಹಿಂಗ್ಲಜದ ಯಾವ ಪೇಟೆಯಲ್ಲಾದರೂ ಇರಬಹುದಾದ ಮನೆ. ಒಳಗೆ ಕನ್ನಡ, ಬಾಗಿಲು ದಾಟಿದರೆ ಮರಾಠಿ. ಅಪ್ಪನಿಗೆ ಕಬ್ಬು, ಮಗ ಬಿ.ಇ. 2022ರ ನವೆಂಬರಿನಲ್ಲಿ ಗೆಳೆಯನ ಮದುವೆಗೆಂದು ಮಗ ನಿಪ್ಪಾಣಿಗೆ ಹೋದ. ಮದುವೆಯ ಹಿಂದಿನ ರಾತ್ರಿ ಹಳದಿ, ಹಾಡು, ಕುಣಿತ, ಜೊತೆಗೆ ಬಾಟಲಿ. ಬೈಕ್ ಹತ್ತಿ ಮರಳುವಾಗ ಪೊಲೀಸರು ಕೈ ಮಾಡಿದರು. ಯಂತ್ರಕ್ಕೆ ಊದಿಸಿದರು. ಬೈಕ್ ಠಾಣೆಗೆ ಹೋಯಿತು.

ಮುಂದಿನ ವಾರ ಕೋರ್ಟು. ನ್ಯಾಯಾಧೀಶರು ಕೇಳಿದರು, ಹುಡುಗ "ತಪ್ಪಾಗಿದೆ" ಎಂದ, 10,000 ರೂಪಾಯಿ ಕಟ್ಟಿದ, ಬೈಕ್ ಬಿಡಿಸಿಕೊಂಡು ಬಂದ. ಮನೆಯಲ್ಲಿ ಅವ್ವ ಎರಡು ದಿನ ಮಾತು ಬಿಟ್ಟಳು. ಆಮೇಲೆ ಎಲ್ಲರೂ ಮರೆತರು.

ಮೂರು ವರ್ಷ ಕಳೆಯಿತು. ಕೆನಡಾದ ಕಾಲೇಜೊಂದರಿಂದ ಪ್ರವೇಶಪತ್ರ ಬಂತು. ಒಂದು ವರ್ಷದ ಫೀ ಬಿಟ್ಟು, ಬದುಕಿನ ಖರ್ಚಿಗೆಂದೇ ವಿದ್ಯಾರ್ಥಿ ತೋರಿಸಬೇಕಾದ ಹಣ 2024ರ ಜನವರಿ 1ರಿಂದ 20,635 ಕೆನಡಾ ಡಾಲರ್ ಇತ್ತು, 2025ರ ಸೆಪ್ಟೆಂಬರ್ 1ರಿಂದ ಅದು 22,895 ಡಾಲರ್ ಆಯಿತು. ಅದಕ್ಕೆ ಬ್ಯಾಂಕ್ ಸಾಲ, ಸಾಲಕ್ಕೆ ಹೊಲದ ಕಾಗದ. ಎಲ್ಲ ಕೂಡಿ ಬಂದ ಮೇಲೆ ಅರ್ಜಿಯಲ್ಲಿ ಆ ಪ್ರಶ್ನೆ ಸಿಕ್ಕಿತು.

ಅಪ್ಪ, ಮಗ ಇಬ್ಬರೂ ವಕೀಲರ ಮುಂದೆ ಹೋಗಿ ಕೂಡ್ರುತ್ತಾರೆ.

"ವಕೀಲ ಸಾಹೇಬ್ರ, ಅದು ಬರೇ ದಂಡ ಅಲ್ಲೇನ್ರಿ? ಹತ್ತ ಸಾವಿರ ಕಟ್ಟಿ ಕೈ ತೊಳಕೊಂಡ ಬಂದೀವಿ. ಮೂರ ವರ್ಷದ ಹಿಂದಿಂದು ಈಗ ಯಾಂವ ನೋಡತಾನ್ರಿ?"

"ಕಾಕಾ, ಕೋರ್ಟನ್ಯಾಗ ಕಟ್ಟಿದ ದಂಡ ಅಂದ್ರನ ಶಿಕ್ಷಾ."

ಇಡೀ ವಿಷಯದ ಗಂಟು ಇರುವುದು ಈ ಒಂದು ಮಾತಿನಲ್ಲಿ.

ಚಲನ್ ಬೇರೆ, ಶಿಕ್ಷೆ ಬೇರೆ

ಹೆಲ್ಮೆಟ್ ಇಲ್ಲದ್ದಕ್ಕೆ, ಸಿಗ್ನಲ್ ಹಾರಿದ್ದಕ್ಕೆ, ವೇಗ ಹೆಚ್ಚಾದದ್ದಕ್ಕೆ ಚಲನ್ ಬರುತ್ತದೆ. ಮೋಟಾರು ವಾಹನ ಕಾಯ್ದೆ 1988ರ ಕಲಂ 200ರಡಿ ಇಂಥ ತಪ್ಪುಗಳನ್ನು ಅಧಿಕಾರಿಯ ಹಂತದಲ್ಲೇ ಹಣ ಕಟ್ಟಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿಗೆ ಮುಗಿಯಿತು.

ಕುಡಿದು ಓಡಿಸುವುದು ಆ ಪಟ್ಟಿಯಲ್ಲಿ ಇಲ್ಲ. ಅದು ಕಲಂ 185. ರಕ್ತದ 100 ಮಿಲಿಲೀಟರಿನಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಾಂಶ ಕಂಡುಬಂದರೆ ಅಪರಾಧ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಬಂಧಿಸಿದರೆ ಎರಡು ಗಂಟೆಯೊಳಗೆ ಪರೀಕ್ಷೆಗೆ ಒಳಪಡಿಸಬೇಕು. ಪ್ರಕರಣ ಕೋರ್ಟಿಗೆ ಹೋಗಲೇಬೇಕು. ಮೊದಲು ಇದಕ್ಕೆ 2,000 ರೂಪಾಯಿವರೆಗೆ ದಂಡ ಇತ್ತು. 2019ರ ತಿದ್ದುಪಡಿ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಾದ ಮೇಲೆ ಮೊದಲ ಸಲಕ್ಕೆ 10,000 ರೂಪಾಯಿ ದಂಡ ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ. ಎರಡನೆಯ ಸಲಕ್ಕೆ 15,000 ರೂಪಾಯಿ ಇಲ್ಲವೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೆ ಎರಡೂ.

ಕೋರ್ಟಿನಲ್ಲಿ "ತಪ್ಪಾಗಿದೆ" ಎಂದು ಒಪ್ಪಿಕೊಂಡಾಗ ನ್ಯಾಯಾಧೀಶರು ಅದನ್ನು ಬರೆದುಕೊಂಡು ದೋಷಿ ಎಂದು ತೀರ್ಮಾನಿಸಿ ದಂಡ ಹಾಕುತ್ತಾರೆ. ಜೈಲಿಗೆ ಹೋಗದಿದ್ದರೂ ಅದು ದೋಷ ಸಾಬೀತಾದ ಪ್ರಕರಣವೇ. ಬೇಗ ಮುಗಿಯಲಿ, ಕೆಲಸ ತಪ್ಪದಿರಲಿ, ಬೈಕ್ ಸಿಗಲಿ ಎಂದು ಹೆಚ್ಚಿನವರು ಮೊದಲ ತಾರೀಖಿಗೇ ಒಪ್ಪಿಬಿಡುತ್ತಾರೆ. ಹಾಗೆ ಒಪ್ಪಿದ ಮೇಲೆ, ಶಿಕ್ಷೆಯ ಪ್ರಮಾಣ ಮತ್ತು ಅದು ಕಾಯ್ದೆಬದ್ಧವೇ ಎಂಬುದನ್ನು ಬಿಟ್ಟು, ಮೇಲ್ಮನವಿಯ ಬಾಗಿಲು ಬಹುತೇಕ ಮುಚ್ಚಿದ ಹಾಗೆಯೇ.

ನಮ್ಮ ದೇಶದೊಳಗೆ ಇದರಿಂದ ಬಹಳ ತೊಂದರೆ ಕಾಣುವುದಿಲ್ಲ. ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತೊಂದರೆ ಕಾಣುವುದು ವಿಮಾನದ ಟಿಕೆಟ್ ತೆಗೆಸುವ ಹೊತ್ತಿಗೆ.

ಕೆನಡಾದಲ್ಲಿ ಬದಲಾದ ಲೆಕ್ಕ

ಕುಡಿದು ಓಡಿಸಿದವರ ವಿಷಯದಲ್ಲಿ ಬಿಗಿ ದೇಶವೆಂದರೆ ಕೆನಡಾ. ಬೇರೆ ದೇಶದಲ್ಲಿ ಆದ ಅಪರಾಧವನ್ನು ಅಲ್ಲಿನ ಅಧಿಕಾರಿಗಳು ತಮ್ಮ ಕಾಯ್ದೆಯ ತಕ್ಕಡಿಯಲ್ಲಿ ತೂಗುತ್ತಾರೆ. ಇದೇ ತಪ್ಪು ಕೆನಡಾದಲ್ಲಿ ಆಗಿದ್ದರೆ ಹೆಚ್ಚೆಂದರೆ ಎಷ್ಟು ವರ್ಷ ಶಿಕ್ಷೆ ಆಗುತ್ತಿತ್ತು ಎಂಬುದು ಅವರ ಪ್ರಶ್ನೆ. ನಿಪ್ಪಾಣಿಯಲ್ಲಿ ಎಷ್ಟು ದಂಡ ಕಟ್ಟಿದಿರಿ ಎಂಬುದು ಮುಖ್ಯವಲ್ಲ.

2018ರ ಡಿಸೆಂಬರ್ 18ಕ್ಕೆ ಮೊದಲು ಆ ಗರಿಷ್ಠ ಶಿಕ್ಷೆ ಐದು ವರ್ಷ ಇತ್ತು. ಆ ದಿನದಿಂದ ಅದನ್ನು ಹತ್ತು ವರ್ಷಕ್ಕೆ ಏರಿಸಲಾಯಿತು. ವಲಸೆ ಕಾಯ್ದೆಯ ಕಲಂ 36ರಲ್ಲಿ ಹತ್ತು ವರ್ಷದ ಶಿಕ್ಷೆ ಇರುವ ಅಪರಾಧಕ್ಕೆ "ಗಂಭೀರ ಅಪರಾಧ" ಎಂಬ ಪಟ್ಟ. ಹೀಗಾಗಿ ನಮ್ಮಲ್ಲಿ 10,000 ರೂಪಾಯಿಗೆ ಮುಗಿದ ಪ್ರಕರಣ ಅಲ್ಲಿ ಗಂಭೀರ ಅಪರಾಧಗಳ ಸಾಲಿನಲ್ಲಿ ಹೋಗಿ ಕೂಡ್ರುತ್ತದೆ. ಅಂಥವರಿಗೆ ಪ್ರವೇಶ ನಿರಾಕರಿಸುವ ಅಧಿಕಾರ ಅಲ್ಲಿನ ಸರಕಾರಕ್ಕಿದೆ. ಓದಲು ಹೋಗುವವರು, ಕೆಲಸಕ್ಕೆ ಹೋಗುವವರು, ಮಗಳ ಬಾಣಂತನಕ್ಕೆಂದು ಹೋಗುವ ತಂದೆತಾಯಿ, ಎಲ್ಲರಿಗೂ ಒಂದೇ ನಿಯಮ.

ಹಳೆಯ ಪ್ರಕರಣಗಳಿಗೆ ಒಂದು ಸಮಾಧಾನವಿತ್ತು. ಒಂದೇ ಪ್ರಕರಣವಿದ್ದು, ಶಿಕ್ಷೆ ಮುಗಿದು ಹತ್ತು ವರ್ಷ ಕಳೆದಿದ್ದರೆ, ಮನುಷ್ಯ ಸುಧಾರಿಸಿದ್ದಾನೆ ಎಂದು ಕಾಯ್ದೆಯೇ ತಿಳಿಯುತ್ತಿತ್ತು. 2018ರ ಡಿಸೆಂಬರ್ 18ರ ನಂತರ ಆದ ತಪ್ಪಿಗೆ ಆ ಸಮಾಧಾನವಿಲ್ಲ. ವರ್ಷ ಎಷ್ಟೇ ಉರುಳಲಿ, ಅದು ತಾನಾಗಿಯೇ ಅಳಿಯುವುದಿಲ್ಲ.

ಹಾಗಾದರೆ ದಾರಿ ಏನು? ಎರಡಿವೆ. ಒಂದು, ಶಿಕ್ಷೆ ಪೂರ್ತಿ ಮುಗಿದು ಐದು ವರ್ಷವಾದ ಮೇಲೆ "ಕ್ರಿಮಿನಲ್ ರಿಹ್ಯಾಬಿಲಿಟೇಶನ್" ಎಂಬ ಅರ್ಜಿ ಹಾಕುವುದು. ತಾನು ಸುಧಾರಿಸಿದ್ದೇನೆ, ಮತ್ತೆ ಇಂಥ ತಪ್ಪು ಆಗದು ಎಂದು ಕಾಗದಪತ್ರಗಳಿಂದ ತೋರಿಸಬೇಕು. ಒಪ್ಪಿದರೆ ಆ ತಡೆ ಕಾಯಂ ಆಗಿ ಹೋಗುತ್ತದೆ. ಗಂಭೀರ ಅಪರಾಧದ ಸಾಲಿನವರಿಗೆ ಇದರ ಶುಲ್ಕ ಸಾವಿರ ಕೆನಡಾ ಡಾಲರಿಗಿಂತ ಹೆಚ್ಚು. ಐದು ವರ್ಷವನ್ನು ಎಣಿಸುವುದು ದಂಡ ಕಟ್ಟಿದ ದಿನದಿಂದ. ಗಾಡಿ ಓಡಿಸಬಾರದೆಂಬ ಆದೇಶವೂ ಇದ್ದರೆ ಅದು ಮುಗಿದ ದಿನದಿಂದ. ನಮ್ಮ ಕತೆಯ ಹುಡುಗನಿಗೆ ಅದು 2027ರ ಕೊನೆಗೆ ಬರುತ್ತದೆ.

ಎರಡು, ಐದು ವರ್ಷ ತುಂಬುವ ಮೊದಲೇ ಹೋಗಲೇಬೇಕಾದ ಕಾರಣವಿದ್ದರೆ ತಾತ್ಕಾಲಿಕ ವಾಸದ ಪರವಾನಗಿ ಕೇಳುವುದು. ಅದು ಹಕ್ಕಲ್ಲ. ಬರುವವನ ಅಗತ್ಯ ದೊಡ್ಡದೋ, ಅವನಿಂದ ಆಗಬಹುದಾದ ಅಪಾಯ ದೊಡ್ಡದೋ ಎಂದು ಅಧಿಕಾರಿ ತೂಗಿ ನೋಡುತ್ತಾರೆ. ಕೊಟ್ಟರೂ ಅದು ಇಷ್ಟು ದಿನಕ್ಕೆಂದು ಗೊತ್ತುಮಾಡಿದ ಪರವಾನಗಿ.

30 ಮತ್ತು 80

ಇಲ್ಲೊಂದು ಸೂಕ್ಷ್ಮವಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. ನಮ್ಮ ಮಿತಿ 30 ಮಿಲಿಗ್ರಾಂ. ಕೆನಡಾದ ಕ್ರಿಮಿನಲ್ ಕಾಯ್ದೆಯ ಮಿತಿ 80 ಮಿಲಿಗ್ರಾಂ. ಅಂದರೆ ಇಲ್ಲಿ 45 ಬಂದು ದಂಡ ಕಟ್ಟಿದವನ ರಕ್ತದ ಅಂಕಿ ಅಲ್ಲಿನ ಮಿತಿಯೊಳಗೇ ಇರುತ್ತದೆ. ಎರಡೂ ಕಾಯ್ದೆಯ ಅಪರಾಧ ಒಂದಕ್ಕೊಂದು ಹೊಂದುತ್ತದೆಯೇ ಎಂದು ನೋಡುವಾಗ ಈ ಅಂಕಿ ಮುಖ್ಯವಾಗುತ್ತದೆ.

ಹಾಗೆಂದು 45 ಬಂದವರೆಲ್ಲ ಪಾರು ಎಂದಲ್ಲ. ಅಂಕಿ ಎಷ್ಟೇ ಇರಲಿ, ಮದ್ಯದಿಂದ ಓಡಿಸುವ ಶಕ್ತಿ ಕುಂದಿತ್ತು ಎಂದಾದರೂ ಕೆನಡಾದಲ್ಲಿ ಅಪರಾಧವೇ. ಕೊನೆಯ ಮಾತು ಅಧಿಕಾರಿಯದು. ಆದರೆ ಊದಿಸಿದ ಯಂತ್ರದ ಚೀಟಿ ಇಲ್ಲವೆ ರಕ್ತಪರೀಕ್ಷೆಯ ವರದಿ ಕೈಯಲ್ಲಿದ್ದರೆ ಮಾತನಾಡಲು ಆಧಾರವಿರುತ್ತದೆ, ಇಲ್ಲದಿದ್ದರೆ ಬಾಯಿಮಾತು. ದಂಡ ಕಟ್ಟಿದ ಸಂಜೆಯೇ ಚೀಟಿ ಹರಿದು ಎಸೆಯುವವರು ಇದನ್ನು ನೆನಪಿಡಬೇಕು.

ಎರಡು ರಾಜ್ಯ, ಮೂರು ಭಾಷೆಯ ಫೈಲು

ಗಡಿಯ ಜನರಿಗೆ ಮಾತ್ರ ಬರುವ ತೊಡಕು ಇನ್ನೊಂದಿದೆ. ಮನೆ ಕೊಲ್ಹಾಪುರ ಜಿಲ್ಲೆಯಲ್ಲಿ, ಪ್ರಕರಣ ಬೆಳಗಾವಿ ಜಿಲ್ಲೆಯಲ್ಲಿ. ಪಾಸ್‌ಪೋರ್ಟ್ ಪುಣೆ ಕಚೇರಿಯದು. ವಿದೇಶಕ್ಕೆ ಬೇಕಾಗುವ ಪೊಲೀಸ್ ಕ್ಲಿಯರನ್ಸ್ ಪ್ರಮಾಣಪತ್ರ, ಅಂದರೆ ಪಿಸಿಸಿ, ಪಾಸ್‌ಪೋರ್ಟ್ ಕಚೇರಿಯ ಮೂಲಕವೇ ಬರುತ್ತದೆ, ವಿಚಾರಣೆ ಮಾಡುವುದು ವಾಸದ ಊರಿನ ಠಾಣೆ. ಆ ಠಾಣೆಯ ಪುಸ್ತಕದಲ್ಲಿ ಕರ್ನಾಟಕದ ಪ್ರಕರಣ ಇರದೆ ಪಿಸಿಸಿ ಸ್ವಚ್ಛವಾಗಿ ಬಂದರೂ ಬರಬಹುದು. ಆಗಲೇ "ಬರೀಬ್ಯಾಡ ಬಿಡೋ, ಯಾರಿಗೂ ಗೊತ್ತಾಗಂಗಿಲ್ಲ" ಎನ್ನುವ ಸಲಹೆಗಾರರು ಹುಟ್ಟಿಕೊಳ್ಳುತ್ತಾರೆ.

ಆದರೆ ಅರ್ಜಿಯ ಪ್ರಶ್ನೆ ಪಿಸಿಸಿಯ ಬಗ್ಗೆ ಅಲ್ಲ, ನಿಮ್ಮ ಬಗ್ಗೆ. ಇದಲ್ಲದೆ ದೇಶದ ಠಾಣೆಗಳು ಸಿಸಿಟಿಎನ್‌ಎಸ್ ಎಂಬ ಗಣಕ ಜಾಲಕ್ಕೆ ಸೇರಿವೆ. ತಾಲೂಕಾ ಕೋರ್ಟುಗಳ ಪ್ರಕರಣಗಳನ್ನು ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಹಾಕಿ ಯಾರು ಬೇಕಾದರೂ ಹುಡುಕಬಹುದು.

ಇನ್ನು ಕಾಗದದ ಭಾಷೆ. ನಿಪ್ಪಾಣಿ, ಚಿಕ್ಕೋಡಿ ಕೋರ್ಟಿನ ಕಾಗದಗಳಲ್ಲಿ ಕನ್ನಡ, ಜಯಸಿಂಗಪುರ, ಇಚಲಕರಂಜಿ ಕಡೆಯದಾದರೆ ಮರಾಠಿ. ಕೆನಡಾಕ್ಕೆ ಬೇಕಾದದ್ದು ಇಂಗ್ಲಿಷ್ ಇಲ್ಲವೆ ಫ್ರೆಂಚ್. ಎರಡೂ ಭಾಷೆ ಬಲ್ಲವರು ನಮ್ಮ ಮನೆ ಮನೆಯಲ್ಲಿದ್ದಾರೆ, ಆದರೆ ಅರ್ಜಿದಾರನಾಗಲಿ ಅವನ ಮನೆಯವರಾಗಲಿ ಮಾಡಿದ ಅನುವಾದವನ್ನು ಅಲ್ಲಿ ಒಪ್ಪುವುದಿಲ್ಲ. ಅಕ್ಕ ಎಂ.ಎ. ಆಗಿದ್ದರೂ ನಡೆಯದು. ಹೊರಗಿನ ಅನುವಾದಕರಿಂದ ಮಾಡಿಸಬೇಕು, ಜೊತೆಗೆ ಅಫಿಡವಿಟ್ ಇರಬೇಕು.

ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾದವರಿಗೂ ದಾರಿ ಎರಡು. ಬೆಳಗಾವಿ ಜಿಲ್ಲೆಯ ಪ್ರಕರಣವಾದರೆ ಧಾರವಾಡ ಪೀಠ. ಕೊಲ್ಹಾಪುರ ಜಿಲ್ಲೆಯದಾದರೆ ಮೊದಲು ಮುಂಬೈಗೆ ಓಡಬೇಕಿತ್ತು. 2025ರ ಆಗಸ್ಟ್ 18ರಿಂದ ಬಾಂಬೆ ಹೈಕೋರ್ಟಿನ ಸರ್ಕಿಟ್ ಪೀಠ ಕೊಲ್ಹಾಪುರದಲ್ಲೇ ನಡೆಯುತ್ತಿದೆ.

ಮುಚ್ಚಿಟ್ಟರೆ ಐದು ವರ್ಷ

"ಇಲ್ಲ" ಎಂದು ಬರೆದು ಸಿಕ್ಕಿಬಿದ್ದರೆ ಏನಾಗುತ್ತದೆ? ಕೆನಡಾ ವಲಸೆ ಕಾಯ್ದೆಯ ಕಲಂ 40ರ ಪ್ರಕಾರ ಸುಳ್ಳು ಮಾಹಿತಿ ಕೊಟ್ಟವರಿಗೆ ಐದು ವರ್ಷ ಪ್ರವೇಶವಿಲ್ಲ. ಕುಡಿದು ಓಡಿಸಿದ ಪ್ರಕರಣಕ್ಕಾದರೂ ರಿಹ್ಯಾಬಿಲಿಟೇಶನ್ ಎಂಬ ದಾರಿ ಇದೆ, ಸುಳ್ಳಿಗೆ ಆ ದಾರಿ ಇಲ್ಲ. ಮೊದಲಿನ ತಪ್ಪು ಒಂದು ರಾತ್ರಿಯದು, ಅಮಲಿನಲ್ಲಿ ಆದದ್ದು. ಎರಡನೆಯದು ಹಗಲು ಹೊತ್ತಿನಲ್ಲಿ, ಎಚ್ಚರದಿಂದ ಪೆನ್ನು ಹಿಡಿದು ಮಾಡಿದ್ದು. ಅಧಿಕಾರಿಗಳು ಎರಡನೆಯದನ್ನೇ ದೊಡ್ಡದೆಂದು ನೋಡುತ್ತಾರೆ.

ಏಜೆಂಟ್ ತುಂಬಿಕೊಟ್ಟ ಅರ್ಜಿ ಎಂದರೂ ಬಿಡುವುದಿಲ್ಲ. ಸಹಿ ಯಾರದೋ ಹೊಣೆ ಅವರದು.

ಹಳೆಯ ಪ್ರಕರಣ ಎಷ್ಟು ವರ್ಷ ಬದುಕುತ್ತದೆ ಎಂಬುದಕ್ಕೆ ಲೋಕಕ್ಕೆಲ್ಲ ಗೊತ್ತಿರುವ ಉದಾಹರಣೆಯೇ ಇದೆ. ಜಾರ್ಜ್ ಬುಷ್ 1976ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಕುಡಿದು ಕಾರು ಓಡಿಸಿ ಸಿಕ್ಕಿ, ತಪ್ಪೊಪ್ಪಿಕೊಂಡು 150 ಡಾಲರ್ ದಂಡ ಕಟ್ಟಿದ್ದರು. ಅದು ಹೊರಬಂದದ್ದು 2000ದ ನವೆಂಬರಿನಲ್ಲಿ, ಅಧ್ಯಕ್ಷ ಪದವಿಯ ಚುನಾವಣೆಗೆ ಕೆಲವೇ ದಿನ ಉಳಿದಿದ್ದಾಗ. ನಡುವೆ 24 ವರ್ಷ ಹೋಗಿತ್ತು.

ಅಮೆರಿಕದ ಮಾತು ಬೇರೆ

ಅಮೆರಿಕದ ನಿಯಮ ಇಷ್ಟೇ ಕಠಿಣವೆಂದು ಹೇಳಲಾಗದು, ಆದರೆ ಅದರ ಕಾಟ ಬೇರೆ ಬಗೆಯದು. ಯಾರಿಗೂ ಪೆಟ್ಟಾಗದ ಒಂದೇ ಸಾದಾ ಪ್ರಕರಣದಿಂದ ಅಲ್ಲಿನ ವೀಸಾ ತಾನಾಗಿ ತಪ್ಪುವುದಿಲ್ಲ. ಆದರೆ ವೀಸಾ ಅರ್ಜಿಯಲ್ಲಿ ಶಿಕ್ಷೆಯಷ್ಟೇ ಅಲ್ಲ, ಬಂಧನವನ್ನೂ ಕೇಳುತ್ತಾರೆ. ಕಳೆದ ಐದು ವರ್ಷದಲ್ಲಿ ಮದ್ಯಕ್ಕೆ ಸಂಬಂಧಿಸಿದ ಒಂದು ಬಂಧನ, ಇಲ್ಲವೆ ಹತ್ತು ವರ್ಷದಲ್ಲಿ ಎರಡು ಇದ್ದರೆ, ಈತನಿಗೆ ಕುಡಿತದ ಚಟ ಇದೆಯೇ ಎಂದು ನೋಡಲು ತಮ್ಮ ಪಟ್ಟಿಯ ವೈದ್ಯರ ಬಳಿ ಕಳಿಸುತ್ತಾರೆ.

ಈಗಾಗಲೇ ಅಲ್ಲಿರುವವರಿಗೆ ತೊಂದರೆ ಇನ್ನೂ ಹೆಚ್ಚು. 2015ರ ನವೆಂಬರಿನಿಂದ ಅಲ್ಲಿನ ವಿದೇಶಾಂಗ ಇಲಾಖೆ ಒಂದು ಪದ್ಧತಿ ಇಟ್ಟುಕೊಂಡಿದೆ. ವೀಸಾದವರು ಕುಡಿದು ಓಡಿಸಿ ಬಂಧಿತರಾದರೆ, ಕೋರ್ಟಿನ ತೀರ್ಪು ಬರುವ ಮೊದಲೇ ವೀಸಾ ರದ್ದು ಮಾಡಬಹುದು. 2025ರ ಆಗಸ್ಟಿನಲ್ಲಿ ಆ ಇಲಾಖೆ 6,000ಕ್ಕೂ ಹೆಚ್ಚು ವಿದ್ಯಾರ್ಥಿ ವೀಸಾ ರದ್ದಾಗಿವೆ ಎಂದು ಹೇಳಿದಾಗ, ಕಾರಣಗಳ ಪಟ್ಟಿಯಲ್ಲಿ ಕುಡಿದು ಓಡಿಸುವುದೂ ಇತ್ತು.

ವೀಸಾ ರದ್ದಾದ ಮಾತ್ರಕ್ಕೆ ಅಲ್ಲಿನ ನೌಕರಿ ಮರುದಿನವೇ ಹೋಗುವುದಿಲ್ಲ. ಒಳಗೆ ಇರುವ ತನಕ ಇರಬಹುದು. ಆದರೆ ಹೊರಗೆ ಬಂದರೆ ಮರಳಿ ಹೋಗಲು ಹೊಸ ವೀಸಾ ಬೇಕು. ಅದು ಸಿಗುವುದೋ ಇಲ್ಲವೋ, ಸಿಕ್ಕರೂ ಎಷ್ಟು ತಿಂಗಳು ಬೇಕೋ. ಊರಲ್ಲಿ ಅವ್ವ ಹಾಸಿಗೆ ಹಿಡಿದರೂ ಟಿಕೆಟ್ ತೆಗೆಸಲು ಮಗ ಹಿಂದುಮುಂದು ನೋಡಬೇಕಾಗುತ್ತದೆ. ಮನೆಯವರಿಗೆ ಕಾರಣ ಹೇಳಲಾರ, "ರಜಾ ಇಲ್ಲವ್ವಾ" ಎನ್ನುತ್ತಾನೆ.

ಆಸ್ಟ್ರೇಲಿಯದಲ್ಲಿ ವಿಮಾನದಲ್ಲಿ ಕೊಡುವ ಪ್ರವೇಶ ಚೀಟಿಯಲ್ಲೇ ಹಳೆಯ ಶಿಕ್ಷೆಯ ಪ್ರಶ್ನೆ ಬಂದಿದೆ. ಅಲ್ಲಿ ಒಟ್ಟು 12 ತಿಂಗಳು ಇಲ್ಲವೆ ಹೆಚ್ಚಿನ ಸೆರೆವಾಸದ ಶಿಕ್ಷೆಯನ್ನು ದೊಡ್ಡದಾಗಿ ಎಣಿಸುತ್ತಾರೆ. ಬರೀ ದಂಡದ ಪ್ರಕರಣ ಅಲ್ಲಿ ಅಷ್ಟು ಅಡ್ಡ ಬರಲಿಕ್ಕಿಲ್ಲ, ಆದರೆ ತಿಳಿಸಲೇಬೇಕು.

ಅಲ್ಲಿಯೂ ಒಂದು ನದಿ, ಒಂದು ಸೇತುವೆ

ಅಮೆರಿಕದ ಡೆಟ್ರಾಯಿಟ್ ಸುತ್ತಲಿನ ಕನ್ನಡಿಗರಿಗೆ ಪಂಪ ಕನ್ನಡ ಕೂಟವಿದೆ. ಕೆನಡಾದ ಟೊರಾಂಟೊದಲ್ಲಿ ಕನ್ನಡ ಸಂಘವಿದೆ. ಡೆಟ್ರಾಯಿಟ್ ನದಿಯ ಮೇಲೆ 1929ರಲ್ಲಿ ತೆರೆದ ಅಂಬಾಸಡರ್ ಸೇತುವೆ ಹಾಯ್ದರೆ ಆ ದಡದಲ್ಲಿ ಕೆನಡಾದ ವಿಂಡ್ಸರ್ ಊರು. ನೋಡಲು ನಮ್ಮ ಕೃಷ್ಣಾ ನದಿಯ ಎರಡು ದಡದ ಹಾಗೆ. ಬಂಧುಗಳು ಆ ಕಡೆಯೂ ಇದ್ದಾರೆ, ಈ ಕಡೆಯೂ ಇದ್ದಾರೆ.

ಆದರೆ ಅಮೆರಿಕದಲ್ಲಿ ಕುಡಿದು ಓಡಿಸಿ ಶಿಕ್ಷೆಯಾದವನು ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂಡಿಸಿಕೊಂಡು ನಯಾಗರಾದ ಕೆನಡಾ ದಡಕ್ಕೆ ಹೊರಟರೆ, ಗಡಿಯ ಕಟ್ಟೆಯಲ್ಲಿ ಕಾರು ತಿರುಗಿಸಿ ಕಳಿಸಬಹುದು. ಅಮೆರಿಕದ ಅಪರಾಧ ದಾಖಲೆ ಕೆನಡಾ ಗಡಿಯ ಅಧಿಕಾರಿಗಳ ಗಣಕದಲ್ಲಿ ಕಾಣುತ್ತದೆ. ಹಿಂದಿನ ಸೀಟಿನ ಮಕ್ಕಳಿಗೆ ಏನೆಂದು ಹೇಳಬೇಕು?

ಕೆನಡಾದಲ್ಲಿ ಕಾಯಂ ವಾಸದ ಹಕ್ಕು ಪಡೆದವರೂ ಎಚ್ಚರದಿಂದಿರಬೇಕು. ಅಲ್ಲಿ ಮೊದಲ ಸಲ ಸಿಕ್ಕವರಿಗೆ ಕಡಿಮೆಯೆಂದರೆ 1,000 ಡಾಲರ್ ದಂಡ. ಆದರೆ ಗರಿಷ್ಠ ಶಿಕ್ಷೆ ಹತ್ತು ವರ್ಷವಾದ್ದರಿಂದ ಅದೂ ಗಂಭೀರ ಅಪರಾಧ. ನಾಗರಿಕತ್ವ ಸಿಗುವ ಮೊದಲೇ ಇಂಥ ಶಿಕ್ಷೆಯಾದರೆ ಕಾಯಂ ವಾಸದ ಹಕ್ಕೇ ಹೋಗಬಹುದು.

ಪಾಸ್‌ಪೋರ್ಟಿಗೆ ಅಡ್ಡಿಯೇ?

ಇಲ್ಲಿನ ಜನ ಮೊದಲು ಕೇಳುವ ಪ್ರಶ್ನೆ ಇದು. ಪಾಸ್‌ಪೋರ್ಟ್ ಕಾಯ್ದೆ 1967ರ ಪ್ರಕಾರ, ನೈತಿಕ ಅಧಃಪತನದ ಅಪರಾಧಕ್ಕೆ ಹಿಂದಿನ ಐದು ವರ್ಷದಲ್ಲಿ ಕಡಿಮೆಯೆಂದರೆ ಎರಡು ವರ್ಷದ ಸೆರೆವಾಸ ಆಗಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ದಂಡ ಕಟ್ಟಿ ಮುಗಿದ ಪ್ರಕರಣ ಅದರಲ್ಲಿ ಬರುವುದಿಲ್ಲ.

ತೊಡಕು ಇರುವುದು ಮುಗಿಯದ ಪ್ರಕರಣದಲ್ಲಿ. ಕೋರ್ಟಿನಲ್ಲಿ ಕೇಸು ನಡೆದಿದ್ದರೆ ಪಾಸ್‌ಪೋರ್ಟ್ ನಿರಾಕರಿಸಲು ಕಾಯ್ದೆಯಲ್ಲಿ ಅವಕಾಶವಿದೆ. 1993ರ ಆಗಸ್ಟ್ 25ರ ಅಧಿಸೂಚನೆಯಂತೆ ಅಂಥವರು ಆ ಕೋರ್ಟಿನ ಅನುಮತಿ ತಂದರೆ ಪಾಸ್‌ಪೋರ್ಟ್ ಪಡೆಯಬಹುದು. ತಾರೀಖಿಗೆ ಹೋಗದೆ ಕೇಸನ್ನು ಹಾಗೆಯೇ ಬಿಟ್ಟವರು ಮೊದಲು ಅದನ್ನು ನೋಡಿಕೊಳ್ಳುವುದು ಒಳ್ಳೆಯದು.

ನೆನಪಿರಲಿ

ಪ್ರಕರಣ ಈಗ ಕೋರ್ಟಿನಲ್ಲಿದ್ದರೆ, ಮೊದಲ ತಾರೀಖಿಗೇ ಒಪ್ಪಿಕೊಳ್ಳುವ ಮೊದಲು ವಕೀಲರನ್ನು ಕೇಳಿ. ವಿದೇಶಕ್ಕೆ ಹೋಗುವ ವಿಚಾರವಿದ್ದರೆ ಅದನ್ನೂ ಹೇಳಿ. 1958ರ ಪ್ರೊಬೇಶನ್ ಕಾಯ್ದೆಯಡಿ ಎಚ್ಚರಿಕೆ ಕೊಟ್ಟು ಬಿಡುವ ಅವಕಾಶವನ್ನು ಕೋರ್ಟಿನ ಮುಂದೆ ಕೇಳಬಹುದು. ಆದರೆ ವಿದೇಶದವರು ಅದನ್ನು ಹೇಗೆ ಎಣಿಸುತ್ತಾರೆ ಎಂಬುದು ಅವರವರ ಕಾಯ್ದೆಗೆ ಬಿಟ್ಟದ್ದು.

ಪ್ರಕರಣ ಮುಗಿದಿದ್ದರೆ ಎಫ್‌ಐಆರ್, ದೋಷಾರೋಪ ಪಟ್ಟಿ, ಯಂತ್ರದ ಚೀಟಿ ಇಲ್ಲವೆ ರಕ್ತದ ವರದಿ, ತೀರ್ಪು, ದಂಡದ ಪಾವತಿ, ಲೈಸನ್ಸ್ ಅಮಾನತಾಗಿದ್ದರೆ ಆ ಆದೇಶ, ಇಷ್ಟರ ದೃಢೀಕೃತ ನಕಲು ತೆಗೆಸಿಡಿ. ಅರ್ಜಿ ಹಾಕುವಾಗ ಓಡಾಡಿದರೆ ತಿಂಗಳುಗಳು ಹೋಗುತ್ತವೆ.

ಅರ್ಜಿಯ ಆ ಪ್ರಶ್ನೆಗೆ ನಿಜ ಬರೆಯಿರಿ. ಏನಾಯಿತು, ಆಮೇಲೆ ಹೇಗಿದ್ದೀರಿ ಎಂದು ಒಂದು ಪತ್ರದಲ್ಲಿ ತಿಳಿಸಿ, ಕಾಗದ ಲಗತ್ತಿಸಿ.

ಸಾಲ ಎತ್ತುವ ಮೊದಲು, ಫೀ ಕಟ್ಟುವ ಮೊದಲು ಈ ವಿಷಯ ತಿಳಿದವರನ್ನು ಕೇಳಿ. ಫೀ ಕಟ್ಟಿದ ಮೇಲೆ ಕೇಳಿದರೆ ನಷ್ಟ ನಿಮ್ಮದೇ.

ಇದೆಲ್ಲ ಕಾಗದದ ಮಾತಾಯಿತು. ಕಾಗದಕ್ಕಿಂತ ದೊಡ್ಡ ಮಾತು ರಸ್ತೆಯದು. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಪೋರ್ಶೆ ಕಾರು ಗುದ್ದಿ ಇಬ್ಬರು ಯುವ ಇಂಜಿನಿಯರುಗಳು ಸತ್ತರು. ಕುಡಿದು ಓಡಿಸುವುದನ್ನು ಬೇರೆ ದೇಶಗಳು ಯಾಕೆ ಇಷ್ಟು ದೊಡ್ಡದಾಗಿ ಹಿಡಿಯುತ್ತವೆ ಎಂದು ಕೇಳುವವರಿಗೆ ಉತ್ತರ ಇಂಥ ರಸ್ತೆಗಳಲ್ಲೇ ಇದೆ. ನಿಪ್ಪಾಣಿಯ ಆ ರಾತ್ರಿ ಪೊಲೀಸರು ಕೈ ಮಾಡದಿದ್ದರೆ ಕಳೆದುಹೋಗಬಹುದಾಗಿದ್ದುದು ವೀಸಾಕ್ಕಿಂತ ದೊಡ್ಡದು.

ನಮ್ಮ ಕತೆಯ ಮನೆಯಲ್ಲಿ ಕೊನೆಗೆ ಹುಡುಗ "ಹೌದು" ಎಂದೇ ಬರೆಯಲು ಒಪ್ಪುತ್ತಾನೆ. ಆದರೆ ಈಗಲೇ ಅಲ್ಲ. ಈ ವರ್ಷದ ಪ್ರವೇಶ ಬಿಡುತ್ತಾನೆ. ಹೊಲದ ಕಾಗದ ಬ್ಯಾಂಕಿಗೆ ಹೋಗದೆ ಟ್ರಂಕಿನಲ್ಲೇ ಉಳಿಯುತ್ತದೆ. 2027ರ ಕೊನೆಯತನಕ ಕೊಲ್ಹಾಪುರದ ಎಂಐಡಿಸಿಯಲ್ಲಿ ನೌಕರಿ, ಅಷ್ಟರಲ್ಲಿ ನಿಪ್ಪಾಣಿಯಿಂದ ನಕಲು ತರಿಸುವ ಕೆಲಸ.

ವಕೀಲರ ಮನೆಯಿಂದ ಹೊರಬಂದ ಮೇಲೆ ಮಗ ಬೈಕಿನ ಕೀಲಿ ತೆಗೆಯುತ್ತಾನೆ. ಅಪ್ಪ ಹಿಂದೆ ಕೂಡ್ರುತ್ತ ಒಂದೇ ಮಾತು ಹೇಳುತ್ತಾನೆ.

"ಅವತ್ತ ರಾತ್ರಿ ಒಂದ ಫೋನ್ ಮಾಡಿದ್ರ ನಾನ ಬಂದ ಕರಕೊಂಡ ಬರತಿದ್ನೆಲ್ಲೋ, ತಮ್ಮಾ."